ಸೊಂಟನೋವಿಗೆ ಪಿ.ಎಂ.ಆರ್. ವೈದ್ಯರ ಬಳಿ ಹೋಗಬೇಕೆ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲೇ ಇದ್ದಾರೆ. ನಾಲ್ಕು ವರ್ಷಗಳಿಂದ ಸೊಂಟನೋವು. ಈಗೊಂದು ವರ್ಷದಿಂದ ಬಲಗಾಲಿಗೂ ಸೆಳೆತ ಇಳಿಯುತ್ತದೆ. ಅಡಿಕೆ ಸುಲಿಯಲು ಕೂರುವುದು, ಕೊಟ್ಟಿಗೆ ಕೆಲಸ ಎರಡನ್ನೂ ಬಿಟ್ಟಿದ್ದಾರೆ. ಎಂ.ಆರ್.ಐ. ವರದಿಯಲ್ಲಿ ಎಲ್‌4–ಎಲ್‌5 ಡಿಸ್ಕ್ ಉಬ್ಬಿದೆ, ನರಕ್ಕೆ ಒತ್ತುತ್ತಿದೆ ಎಂದು ಬರೆದಿದೆ. ಒಬ್ಬ ಮೂಳೆ ವೈದ್ಯರು ಆಪರೇಷನ್ ಬೇಕಾಗಬಹುದು ಎಂದರು, ಇನ್ನೊಬ್ಬರು ಬೇಡ ಎಂದರು. ಶಿವಮೊಗ್ಗದಲ್ಲಿ ಒಬ್ಬ ವೈದ್ಯರಿಗೆ ತೋರಿಸಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಅವರ ಬೋರ್ಡಿನಲ್ಲಿ ‘ಎಂ.ಡಿ., ಪಿ.ಎಂ.ಆರ್., ಫೆಲೋಶಿಪ್ ಇನ್ ಪೇನ್ ಮೆಡಿಸಿನ್’ ಎಂದಿದೆ. ಇವರು ಫಿಸಿಯೋಥೆರಪಿಸ್ಟರೇ, ಮೂಳೆ ವೈದ್ಯರೇ, ಬರೀ ಇಂಜೆಕ್ಷನ್ ಕೊಡುವವರೇ? ಏನು ಓದಿರುತ್ತಾರೆ, ಹೇಗೆ ಚಿಕಿತ್ಸೆ ಮಾಡುತ್ತಾರೆ? ಅಲ್ಲಿಗೆ ಕರೆದೊಯ್ಯುವುದು ಸರಿಯೇ?

ಉತ್ತರ: ಕರೆದೊಯ್ಯುವುದು ಸರಿ. ನಾನೂ ಇದೇ ಶಾಖೆಯಲ್ಲಿ ಕೆಲಸ ಮಾಡುವವನಾದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವೈದ್ಯರು ಎಂಥ ತರಬೇತಿಯಿಂದ ಬಂದವರು, ಅವರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಗೊತ್ತಿದ್ದರೆ ಶಿವಮೊಗ್ಗದ ಓಡಾಟ ಸಾರ್ಥಕವಾಗುತ್ತದೆ. ಇಲ್ಲವಾದರೆ ನಿಮ್ಮ ತಾಯಿಯವರ ಫೈಲಿಗೆ ಇನ್ನೊಂದು ಚೀಟಿ ಸೇರುತ್ತದೆ, ಅಷ್ಟೆ.

ಪಿ.ಎಂ.ಆರ್. ಎಂದರೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್. ಕನ್ನಡದಲ್ಲಿ ಪುನಶ್ಚೇತನ ವೈದ್ಯಕೀಯ ಎನ್ನುತ್ತೇವೆ. ಇವರು ಎಂ.ಬಿ.ಬಿ.ಎಸ್. ಮುಗಿಸಿ, ಅದರ ಮೇಲೆ ಮೂರು ವರ್ಷದ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡಿದ ತಜ್ಞ ವೈದ್ಯರು. ರೋಗನಿರ್ಣಯ ಮಾಡುವುದು, ಔಷಧ ಬರೆಯುವುದು, ಇಂಜೆಕ್ಷನ್ ಮತ್ತು ಸಣ್ಣ ಪ್ರಕ್ರಿಯೆಗಳನ್ನು ನಡೆಸುವುದು ಅವರ ಅಧಿಕಾರದೊಳಗಿನ ಕೆಲಸ. ದೊಡ್ಡ ಶಸ್ತ್ರಚಿಕಿತ್ಸೆಯನ್ನು ಅವರು ಮಾಡುವುದಿಲ್ಲ. ಫಿಸಿಯೋಥೆರಪಿಸ್ಟರು ಬೇರೆ, ಅವರದು ಬಿ.ಪಿ.ಟಿ. ಎಂಬ ಪ್ರತ್ಯೇಕ ಪದವಿ, ವ್ಯಾಯಾಮ ಮತ್ತು ಚಲನೆಯ ಚಿಕಿತ್ಸೆ ಅವರ ವಿಷಯ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟರು ಜೊತೆಗಿಲ್ಲದ ಪಿ.ಎಂ.ಆರ್. ವೈದ್ಯರ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ ಎಂದು ನಾನು ಅನುಭವದಿಂದ ಹೇಳಬಲ್ಲೆ.

ಆ ಮೂರು ವರ್ಷಗಳಲ್ಲಿ ಕಲಿಯುವುದು ಏನನ್ನು? ಪಾರ್ಶ್ವವಾಯು ಆದವರ ಕೈಕಾಲುಗಳ ಬಿಗಿತವನ್ನು ಸಡಿಲಿಸುವುದು, ಬೆನ್ನುಹುರಿಗೆ ಪೆಟ್ಟಾದವರ ಮೂತ್ರಕೋಶವನ್ನೂ ಚರ್ಮವನ್ನೂ ಕಾಪಾಡುವುದು, ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಹೊಂದಿಸಿ ನಡೆಸುವುದು, ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ನಡಿಗೆಯನ್ನು ಪರಿಶೀಲಿಸಿ ಯಾವ ಸ್ನಾಯುವಿಗೆ ಏನು ಬೇಕೆಂದು ನಿರ್ಧರಿಸುವುದು, ನರಗಳ ವಿದ್ಯುತ್ ಪರೀಕ್ಷೆ ಮಾಡಿ ಓದುವುದು, ಅಂಗವೈಕಲ್ಯದ ಪ್ರಮಾಣವನ್ನು ಅಳೆಯುವುದು, ಇವುಗಳ ಜೊತೆಗೆ ಕುತ್ತಿಗೆ, ಸೊಂಟ, ಮಂಡಿ, ಭುಜಗಳ ದೀರ್ಘಕಾಲದ ನೋವು. ಅಂದರೆ ಸೊಂಟನೋವಿನ ರೋಗಿಯನ್ನು ನೋಡುವ ಹೊತ್ತಿಗೆ ಈ ವೈದ್ಯರು, ವಾಸಿಯಾಗದ ಕಾಯಿಲೆಯೊಡನೆ ಮನುಷ್ಯ ಮತ್ತೆ ಬದುಕು ಕಟ್ಟಿಕೊಳ್ಳುವುದನ್ನು ವರ್ಷಗಟ್ಟಲೆ ನೋಡಿರುತ್ತಾರೆ. ಅವರ ಯೋಚನೆಯ ರೀತಿ ರೂಪುಗೊಳ್ಳುವುದು ಅಲ್ಲಿಂದಲೇ.

ಫೆಲೋಶಿಪ್ ಬಗ್ಗೆ ಒಂದು ಎಚ್ಚರಿಕೆ. ನೋವು ಚಿಕಿತ್ಸೆ ಎಂಬ ಉಪಶಾಖೆಗೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬರುವವರು ಅರಿವಳಿಕೆ ತಜ್ಞರು, ಪಿ.ಎಂ.ಆರ್. ವೈದ್ಯರೂ ಬರುತ್ತಾರೆ. ಫೆಲೋಶಿಪ್ ಎಂಬ ಒಂದೇ ಹೆಸರಿನಡಿ ಕೆಲವು ವಾರಗಳ ತರಬೇತಿಯೂ ಇದೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು ಕಲಿಯುವ ತರಬೇತಿಯೂ ಇದೆ. ಬೋರ್ಡು ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಲಿ, ಎಷ್ಟು ಕಾಲ ಕಲಿತಿರಿ ಎಂದು ಕೇಳುವುದು ಅವಮರ್ಯಾದೆ ಅಲ್ಲ. ಸರಿಯಾಗಿ ಕಲಿತವರು ಸಂತೋಷದಿಂದಲೇ ಹೇಳುತ್ತಾರೆ. ಎಂ.ಡಿ. ಪದವಿ ನೋಂದಣಿಯಾಗಿದೆಯೇ ಎಂಬುದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಖಚಿತಪಡಿಸಿಕೊಳ್ಳಬಹುದು.

ಈ ಶಾಖೆಯ ಹಿನ್ನೆಲೆಯನ್ನು ಸ್ವಲ್ಪ ಹೇಳುವುದು ಅನಗತ್ಯವಲ್ಲ ಎಂದುಕೊಂಡಿದ್ದೇನೆ, ಏಕೆಂದರೆ ನೀವು ಕೇಳಿದ ‘ಹೇಗೆ ಚಿಕಿತ್ಸೆ ಮಾಡುತ್ತಾರೆ’ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ವಾಯುಪಡೆಯಲ್ಲಿದ್ದ ಹೊವಾರ್ಡ್ ರಸ್ಕ್ ಎಂಬ ವೈದ್ಯರು, ಆಸ್ಪತ್ರೆಯಲ್ಲಿ ಗಾಯ ಮಾಯ್ದ ಮೇಲೂ ಸುಮ್ಮನೆ ಮಲಗಿಸಿಟ್ಟ ಯೋಧರು ದಿನೇ ದಿನೇ ಕುಗ್ಗುತ್ತಿರುವುದನ್ನು ಗಮನಿಸಿ, ಅವರಿಗೆ ಹಾಸಿಗೆಯಿಂದಲೇ ವ್ಯಾಯಾಮ, ಪಾಠ, ಕೆಲಸಗಳ ವೇಳಾಪಟ್ಟಿ ಹಾಕಿಕೊಟ್ಟರು. 1947ರಲ್ಲಿ ಅಮೆರಿಕದಲ್ಲಿ ಇದು ಪ್ರತ್ಯೇಕ ತಜ್ಞ ಶಾಖೆಯಾಯಿತು. ಭಾರತದಲ್ಲಿ ಮುಂಬಯಿಯ ಹಾಜಿ ಅಲಿಯಲ್ಲಿರುವ, ಇದೇ ಶಾಖೆಯ ಅಖಿಲ ಭಾರತ ಸಂಸ್ಥೆ 1955ರಲ್ಲಿ ಶುರುವಾಯಿತು.

ಆದರೆ ನಮ್ಮ ಭಾಗದವರು ಮುಖ್ಯವಾಗಿ ನೆನೆಯಬೇಕಾದವರು ವೆಲ್ಲೂರಿನ ಡಾ. ಮೇರಿ ವರ್ಗೀಸ್. ಕೊಚ್ಚಿಯಲ್ಲಿ ಹುಟ್ಟಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಅವರು 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆಗೆ ಹೆಸರಾದ ಡಾ. ಪಾಲ್ ಬ್ರ್ಯಾಂಡ್ ಅಲ್ಲಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದು ಎಂದು ಅವರು ಪ್ರೋತ್ಸಾಹಿಸಿದ ಮೇಲೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಮುಂದೆ ನ್ಯೂಯಾರ್ಕಿನಲ್ಲಿ ರಸ್ಕ್ ಅವರ ಬಳಿ ತರಬೇತಿ ಪಡೆದು ಮರಳಿ, ವೆಲ್ಲೂರಿನ ಪುನಶ್ಚೇತನ ವಿಭಾಗವನ್ನು ಮುನ್ನಡೆಸಿದರು; ರೋಗಿಗಳು ಉಳಿದುಕೊಂಡು ಚಿಕಿತ್ಸೆ ಪಡೆಯುವ ಸಂಸ್ಥೆ ಅಲ್ಲಿ 1966ರಲ್ಲಿ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೆಲ್ಲೂರಿಗೆ ಹೋಗಿಬರುವ ನಮ್ಮವರು ಇಂದಿಗೂ ಕಡಿಮೆಯಿಲ್ಲ. ಅವರಲ್ಲಿ ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿ ಘಾಸಿಯಾದವರೂ ಇರುತ್ತಾರೆ ಎಂಬುದು ಮಲೆನಾಡಿನ ನಿಮಗೆ ಹೇಳಬೇಕಾದ ವಿಷಯವಲ್ಲ.

ನೋವು ಚಿಕಿತ್ಸೆಯ ಹಿನ್ನೆಲೆ ಬೇರೆ. ಅದರ ಮೊದಲಿಗರಲ್ಲಿ ಒಬ್ಬರಾದ ಜಾನ್ ಬೋನಿಕಾ ಅರಿವಳಿಕೆ ತಜ್ಞರು. ಓದಿನ ಖರ್ಚಿಗಾಗಿ ಕುಸ್ತಿಯಾಡಿದವರು, ಆ ಕುಸ್ತಿಯ ಪೆಟ್ಟುಗಳ ನೋವನ್ನು ಜೀವನವಿಡೀ ಅನುಭವಿಸಿದವರು. ಯುದ್ಧದಲ್ಲಿ ನರ ಹರಿದುಕೊಂಡು ಬಂದ ಯೋಧರ ನೋವು ಒಬ್ಬ ತಜ್ಞನ ಕೈಗೆ ಸಿಕ್ಕುವಂಥದ್ದಲ್ಲ ಎಂದು ಕಂಡುಕೊಂಡು, ನರ ವೈದ್ಯರು, ಮೂಳೆ ವೈದ್ಯರು, ಮನೋವೈದ್ಯರು ಒಟ್ಟಿಗೆ ಕೂತು ಒಬ್ಬ ರೋಗಿಯನ್ನು ಚರ್ಚಿಸುವ ಪದ್ಧತಿಗೆ ಅವರು ಒತ್ತುಕೊಟ್ಟರು. ಇಂದು ಊರೂರಿನಲ್ಲಿ ‘ಪೇನ್ ಕ್ಲಿನಿಕ್’ ಎಂಬ ಬೋರ್ಡು ಕಾಣುತ್ತದೆ. ಒಟ್ಟಿಗೆ ಕೂರುವ ಆ ಪದ್ಧತಿ ಮಾತ್ರ ಅಪರೂಪ.

ಈ ಎರಡು ಹಿನ್ನೆಲೆಗಳು ಒಬ್ಬರಲ್ಲೇ ಕೂಡಿದಾಗ ಆಗುವ ಲಾಭ ಇದು: ಅವರು ನೋವಿನ ಅಂಕಿಯೊಂದನ್ನೇ ಹಿಡಿದು ಕೂರುವುದಿಲ್ಲ. ಹತ್ತರಲ್ಲಿ ಎಷ್ಟು ನೋವು ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ನಿಜ. ಆದರೆ ಚಿಕಿತ್ಸೆ ಗೆದ್ದಿತೇ ಸೋತಿತೇ ಎಂದು ತೀರ್ಮಾನಿಸುವುದು ರೋಗಿ ಏನನ್ನು ಮತ್ತೆ ಮಾಡತೊಡಗಿದರು ಎಂಬುದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣವೊಂದು ನಮ್ಮ ಶಾಖೆಗೆ ಆಧಾರ. ಅದು ಶರೀರದ ತೊಂದರೆ, ಅದರಿಂದ ನಿಂತ ಕೆಲಸ, ಅದರಿಂದ ತಪ್ಪಿಹೋದ ಸಾಮಾಜಿಕ ಪಾಲುಗಾರಿಕೆ, ಸುತ್ತಲಿನ ಪರಿಸರ ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎನ್ನುತ್ತದೆ. ನಿಮ್ಮ ತಾಯಿಯವರ ಮಟ್ಟಿಗೆ ಹೇಳುವುದಾದರೆ ಡಿಸ್ಕ್ ಉಬ್ಬಿರುವುದು ಮೊದಲನೆಯದು, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಲಾಗದಿರುವುದು ಎರಡನೆಯದು, ಸುಗ್ಗಿಯಲ್ಲಿ ಊರಿನ ಹೆಂಗಸರೆಲ್ಲ ಸೇರಿ ಅಡಿಕೆ ಸುಲಿಯುವಾಗ ಅವರೊಬ್ಬರೇ ಒಳಗೆ ಮಲಗಿರಬೇಕಾಗುವುದು ಮೂರನೆಯದು, ಮೆಟ್ಟುಗತ್ತಿಯ ಎತ್ತರ ನಾಲ್ಕನೆಯದು. ಎಂ.ಆರ್.ಐ. ತೋರಿಸುವುದು ಇವುಗಳಲ್ಲಿ ಒಂದನ್ನು ಮಾತ್ರ.

ಮೊದಲ ಭೇಟಿಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪರೀಕ್ಷೆ ಬಾಗಿಲಿನಿಂದಲೇ ಆರಂಭವಾಗುತ್ತದೆ. ರೋಗಿ ಒಳಗೆ ಬರುವಾಗ ಯಾವ ಕಾಲಿನ ಮೇಲೆ ಕಡಿಮೆ ಹೊತ್ತು ನಿಲ್ಲುತ್ತಾರೆ, ಕೂರುವಾಗ ಮೇಜನ್ನು ಹಿಡಿಯುತ್ತಾರೆಯೇ, ತೊಡೆಯ ಮೇಲೆ ಕೈಯೂರಿ ಏಳುತ್ತಾರೆಯೇ, ಮಾತಾಡುತ್ತಾ ಒಂದೇ ಪೃಷ್ಠದ ಮೇಲೆ ಭಾರ ಹಾಕಿ ಕೂತಿದ್ದಾರೆಯೇ ಎಂಬುದನ್ನು ಗಮನಿಸುತ್ತೇವೆ. ಆಮೇಲೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸುತ್ತೇವೆ. ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ನಿಧಾನವಾಗಿ ಎತ್ತುವಾಗ ನೋವು ಸೊಂಟದಲ್ಲೇ ನಿಲ್ಲುತ್ತದೆಯೋ, ಮಂಡಿಯ ಕೆಳಗೆ ಇಳಿಯುತ್ತದೆಯೋ ನೋಡುತ್ತೇವೆ. ಇಳಿದರೆ ನರದ ಬೇರಿಗೆ ಕಿರಿಕಿರಿಯಾಗಿರುವ ಸಾಧ್ಯತೆ ಹೆಚ್ಚು. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ, ನಮ್ಮ ಬೆರಳಿನಿಂದ ಒತ್ತುತ್ತೇವೆ. ನಿಮ್ಮ ವರದಿಯಲ್ಲಿರುವ ಎಲ್‌4–ಎಲ್‌5 ಮಟ್ಟದ ಡಿಸ್ಕ್, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನದು, ಸಾಮಾನ್ಯವಾಗಿ ಒತ್ತುವುದು ಎಲ್‌5 ನರವನ್ನು. ಅದಕ್ಕೆ ನಿಜವಾಗಿ ಘಾಸಿಯಾಗಿದ್ದರೆ ಬಲಗಾಲಿನ ಹೆಬ್ಬೆರಳು ಸೋಲುತ್ತದೆ, ಪಾದದ ಮೇಲ್ಭಾಗದಲ್ಲಿ ಹತ್ತಿಯ ಸ್ಪರ್ಶ ಮಂದವಾಗುತ್ತದೆ. ಚಿತ್ರ ಹೇಳುವುದೂ ಹೆಬ್ಬೆರಳು ಹೇಳುವುದೂ ಹೊಂದಿದರೆ ಮಾತ್ರ ಆ ಚಿತ್ರಕ್ಕೆ ಬೆಲೆ. ಹೊಂದದಿದ್ದರೆ ನೋವಿನ ಮೂಲ ಸೊಂಟದ ಸಂದುಗಳಲ್ಲಿ, ತೊಡೆಯ ಕೀಲಿನಲ್ಲಿ ಅಥವಾ ಪೃಷ್ಠದ ಸ್ನಾಯುವಿನಲ್ಲಿ ಇರಬಹುದು. ಡಿಸ್ಕ್ ಸುಮ್ಮನೆ ಅಪವಾದ ಹೊತ್ತಿರುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ನೋವೇ ಇಲ್ಲದ 3,110 ಜನರ ಬೆನ್ನಿನ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡ 30ರಷ್ಟು ಜನರಿಗೆ ಡಿಸ್ಕ್ ಉಬ್ಬು ಇತ್ತು. ಐವತ್ತರಲ್ಲಿ ಶೇಕಡ 60, ಎಂಬತ್ತರಲ್ಲಿ ಶೇಕಡ 84. ನಿಮ್ಮ ತಾಯಿಯವರ ವಯಸ್ಸಿನ, ಆರಾಮಾಗಿ ತೋಟ ಸುತ್ತುವ ಹತ್ತು ಜನರನ್ನು ಸ್ಕ್ಯಾನ್ ಮಾಡಿದರೆ ಆರೇಳು ಜನರ ವರದಿಯಲ್ಲೂ ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದೀತು. ಇಬ್ಬರು ವೈದ್ಯರು ಎರಡು ರೀತಿ ಹೇಳಿದ್ದಕ್ಕೆ ಬಹುಶಃ ಇದೇ ಕಾರಣ. ಒಬ್ಬರು ಚಿತ್ರಕ್ಕೆ ಹೆಚ್ಚು ತೂಕ ಕೊಟ್ಟಿರಬೇಕು, ಇನ್ನೊಬ್ಬರು ಕಾಲಿಗೆ.

ಹಾಗೆಂದು ಎಲ್ಲವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಗುದದ್ವಾರದ ಸುತ್ತ ಮತ್ತು ತೊಡೆಸಂದಿನಲ್ಲಿ ಮರಗಟ್ಟುವುದು, ಪಾದ ಜೋತುಬಿದ್ದು ಚಪ್ಪಲಿ ಜಾರುವುದು, ಎರಡೂ ಕಾಲು ಸೋಲುವುದು, ಇವು ಕಂಡರೆ ಪಿ.ಎಂ.ಆರ್. ವೈದ್ಯರ ಅಪಾಯಿಂಟ್‌ಮೆಂಟ್ ಕಾಯಬಾರದು. ಅದೇ ದಿನ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಇವೂ ಬೇರೆ ದಾರಿಯ ತನಿಖೆಯನ್ನು ಬೇಡುತ್ತವೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಅಪರೂಪವಾಗಿಲ್ಲ.

ಪರೀಕ್ಷೆ ಮುಗಿದ ಮೇಲೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯೊಂದಿದೆ: ಮೂರು ತಿಂಗಳ ನಂತರ ನಿಮಗೆ ಏನು ಮಾಡಲು ಬರಬೇಕು? ಬಹುತೇಕರು ನೋವು ಹೋದರೆ ಸಾಕು ಎನ್ನುತ್ತಾರೆ. ಹೋದರೆ ಏನು ಮಾಡುತ್ತೀರಿ ಎಂದು ಮತ್ತೆ ಕೇಳಬೇಕು. ಆಗ ನಿಜವಾದ ಉತ್ತರ ಬರುತ್ತದೆ: ಎಲ್ಲರಿಗೂ ದೋಸೆ ಹಾಕಿ ಮುಗಿಯುವವರೆಗೆ ಒಲೆ ಮುಂದೆ ನಿಲ್ಲಬೇಕು, ಮಗಳ ಮನೆಗೆ ಬಸ್ಸಿನಲ್ಲಿ ಹೋಗಿಬರಬೇಕು, ಮೊಮ್ಮಗುವನ್ನು ಎತ್ತಿಕೊಳ್ಳಬೇಕು. ಚಿಕಿತ್ಸೆಯ ಯೋಜನೆ ಕಟ್ಟುವುದು ಈ ಉತ್ತರದ ಮೇಲೆ. ದೋಸೆ ಹಾಕುವವರಿಗೂ ಬಸ್ಸಿನಲ್ಲಿ ಕೂರುವವರಿಗೂ ವ್ಯಾಯಾಮ ಒಂದೇ ಅಲ್ಲ.

ನಾಲ್ಕು ವರ್ಷದ ನೋವಿಗೆ ಇನ್ನೊಂದು ಮುಖವಿದೆ. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎಂದು ವರ್ಗೀಕರಿಸುತ್ತೇವೆ. ಇಷ್ಟು ಕಾಲದಲ್ಲಿ ಬೆನ್ನುಹುರಿ ಮತ್ತು ಮೆದುಳಿನ ನೋವಿನ ಮಾರ್ಗಗಳೇ ಅತಿಸೂಕ್ಷ್ಮವಾಗಬಹುದು. ಮೂಲದ ಪೆಟ್ಟು ಮಾಗಿದ್ದರೂ ಸಣ್ಣ ಸ್ಪರ್ಶ, ಸಣ್ಣ ಬಾಗುವಿಕೆ ದೊಡ್ಡ ನೋವಾಗಿ ಅನುಭವಕ್ಕೆ ಬರುತ್ತದೆ. ಬೆನ್ನುಹುರಿಯಲ್ಲೇ ನೋವಿನ ಸಂಕೇತ ಏರಿಳಿಯಬಲ್ಲದು ಎಂಬ ಸಿದ್ಧಾಂತವನ್ನು ಮೆಲ್‌ಝ್ಯಾಕ್ ಮತ್ತು ವಾಲ್ ಮಂಡಿಸಿದ್ದು 1965ರಲ್ಲಿ. ಅಲ್ಲಿಂದೀಚೆಗೆ ನಿದ್ರೆ, ಭಯ, ಖಿನ್ನತೆ ಇವೆಲ್ಲ ಆ ಏರಿಳಿತದಲ್ಲಿ ಪಾಲು ಪಡೆಯುತ್ತವೆ ಎಂಬುದಕ್ಕೆ ಆಧಾರಗಳು ಬೆಳೆಯುತ್ತಲೇ ಬಂದಿವೆ. ಆದ್ದರಿಂದ ವೈದ್ಯರು ನಿದ್ರೆ ಹೇಗಿದೆ, ಮನೆಯಲ್ಲಿ ಹೇಗಿದೆ, ಬಗ್ಗಿದರೆ ಏನಾದೀತೆಂದು ಹೆದರಿಕೆಯೇ ಎಂದು ಕೇಳಿದರೆ, ನೋವು ಮನಸ್ಸಿನದ್ದು ಎಂದು ತಳ್ಳಿಹಾಕುತ್ತಿದ್ದಾರೆ ಎಂದು ನೀವಾಗಲಿ ನಿಮ್ಮ ತಾಯಿಯವರಾಗಲಿ ಭಾವಿಸಬಾರದು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಜೊತೆಯಲ್ಲೇ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಬರೆದಿಟ್ಟಿದೆ. ನಮ್ಮ ಕಡೆಯ ಹೆಂಗಸರ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು. ‘ಕೆಲಸ ತಪ್ಪಿಸಿಕೊಳ್ಳೋಕೆ’ ಎಂಬ ಮಾತನ್ನು ಮನೆಯವರಿಂದ ಕೇಳಿ ಕೇಳಿ ಬಾಯಿ ಮುಚ್ಚಿಕೊಂಡಿರುವವರು ನನ್ನ ಒ.ಪಿ.ಡಿ.ಯಲ್ಲಿ ಬಹಳ.

ಇನ್ನು ಚಿಕಿತ್ಸೆ. ಅದರ ಬೆನ್ನೆಲುಬು ಅಳತೆಯಿಟ್ಟು ಏರಿಸುವ ಚಟುವಟಿಕೆ. ನೋವಿಲ್ಲದ ದಿನ ಎರಡು ದಿನದ ಕೆಲಸ ಮಾಡಿ, ಮರುದಿನದಿಂದ ಮೂರು ದಿನ ಮಲಗುವುದು ಈ ರೋಗಿಗಳಲ್ಲಿ ಅತಿ ಸಾಮಾನ್ಯ. ನಾವು ಇದನ್ನು ಮುರಿಯಬೇಕು. ಹತ್ತು ನಿಮಿಷ ನಡೆದಾಗ ನೋವು ಏಳುವುದಾದರೆ ಏಳು ನಿಮಿಷದಿಂದ ಆರಂಭಿಸಿ, ಒಳ್ಳೆಯ ದಿನವಾಗಲಿ ಕೆಟ್ಟ ದಿನವಾಗಲಿ ಅಷ್ಟೇ ನಡೆದು, ಕೆಲವು ದಿನಗಳಿಗೊಮ್ಮೆ ಒಂದೊಂದು ನಿಮಿಷ ಏರಿಸುವುದು. ಇದರ ಜೊತೆಗೆ ಪೃಷ್ಠ, ತೊಡೆ, ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೆಟ್ಟುಗತ್ತಿಯನ್ನು ಮರದ ಹಲಗೆಯ ಮೇಲೆ ಎತ್ತರಿಸಿ ಸ್ಟೂಲಿನ ಮೇಲೆ ಕೂತು ಸುಲಿಯುವಂತೆ ಮಾಡಿದರೆ ನೆಲದ ಮೇಲೆ ಬಾಗಿ ಕೂರುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿಬಂದರೆ ಇನ್ನೂ ಒಳ್ಳೆಯದು. ಆಕ್ಯುಪೇಶನಲ್ ಥೆರಪಿಸ್ಟರ ಕೆಲಸ ಇದು; ಅವರು ಸಿಗದ ಊರುಗಳಲ್ಲಿ ಪಿ.ಎಂ.ಆರ್. ವೈದ್ಯರೇ ಮಾಡಬೇಕಾಗುತ್ತದೆ.

ಫಿಸಿಯೋಥೆರಪಿ ಈಗಾಗಲೇ ಮಾಡಿಸಿದ್ದೇವೆ, ಏನೂ ಆಗಲಿಲ್ಲ ಎಂದು ನೀವು ಹೇಳಬಹುದು. ಏನು ಮಾಡಿಸಿದಿರಿ ಎಂದು ನಾನು ಕೇಳುತ್ತೇನೆ. ಹತ್ತು ದಿನ ಕರೆಂಟ್ ಇಟ್ಟರು, ಸೊಂಟ ಎಳೆದರು ಎಂಬುದೇ ಉತ್ತರವಾಗಿದ್ದರೆ ಅದನ್ನು ನಾನು ಫಿಸಿಯೋಥೆರಪಿ ಎಂದು ಲೆಕ್ಕ ಹಿಡಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿ ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಮುಂದೆ ಮಾಡಿ, ಟ್ರ್ಯಾಕ್ಷನ್ ಅಂದರೆ ಸೊಂಟ ಎಳೆಯುವುದು, ಸೊಂಟಪಟ್ಟಿ, ಅಲ್ಟ್ರಾಸೌಂಡ್ ಮತ್ತು ಚರ್ಮದ ಮೇಲೆ ಕರೆಂಟ್ ಇಡುವ ಟೆನ್ಸ್ ಯಂತ್ರ, ಇವುಗಳನ್ನು ವಾಡಿಕೆಯಾಗಿ ಬಳಸುವುದು ಬೇಡ ಎಂದಿದೆ. ಕಾಲಿಗೆ ಇಳಿಯುವ ನರದ ನೋವಿಗೆ ಆ ಮಾರ್ಗಸೂಚಿ ನೇರವಾಗಿ ಅನ್ವಯಿಸುವುದಿಲ್ಲವಾದರೂ, ಮಲಗಿ ಯಂತ್ರ ಹಚ್ಚಿಸಿಕೊಳ್ಳುವುದರಿಂದ ಸ್ನಾಯುವಿಗೆ ಬಲ ಬಾರದು ಎಂಬುದು ಎರಡಕ್ಕೂ ಒಂದೇ. ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹಾಕಿಕೊಳ್ಳುವುದಕ್ಕೆ ನನ್ನ ಆಕ್ಷೇಪ ಏನೂ ಇಲ್ಲ, ಅದರಿಂದ ಸಿಗುವ ಹಿತ ನಿಜವೇ. ಕಾಲು ಮರಗಟ್ಟಿರುವವರ ಸೊಂಟವನ್ನು ತಿರುಚಿ ಲಟಿಕೆ ತೆಗೆಯುವುದಕ್ಕೆ ಮಾತ್ರ ಬಲವಾದ ಆಕ್ಷೇಪವಿದೆ.

ಮಾತ್ರೆಗಳ ವಿಷಯದಲ್ಲಿ ಒಳ್ಳೆಯ ನೋವು ವೈದ್ಯರು ಮೊದಲು ಮಾಡುವ ಕೆಲಸ ಹಳೆಯ ಚೀಟಿಯಿಂದ ಹೊಡೆದುಹಾಕುವುದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ಗಳು ನೋವು ಕೆರಳಿದ ಕೆಲವು ದಿನಗಳಿಗೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ಅದರಲ್ಲೂ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚು. ‘ನರದ ಮಾತ್ರೆ’ ಎಂದು ನಮ್ಮಲ್ಲಿ ಧಾರಾಳವಾಗಿ ಬರೆಯುವ ಪ್ರೀಗ್ಯಾಬಲಿನ್ ಸಕ್ಕರೆ ಕಾಯಿಲೆಯ ನರನೋವಿಗೆ ಉಪಯುಕ್ತ. ಆದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವಿನ ಮೇಲೆ ಆಸ್ಟ್ರೇಲಿಯಾದಲ್ಲಿ ಅದನ್ನು ಪರೀಕ್ಷಿಸಿದ ಪ್ರಯೋಗ 2017ರಲ್ಲಿ ಪ್ರಕಟವಾದಾಗ, ಔಷಧವಿಲ್ಲದ ಮಾತ್ರೆಗಿಂತ ಅದು ಮೇಲಾಗಿ ಕಾಣಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಗಿತ್ತು. ನಿಮ್ಮ ತಾಯಿಯವರು ಅದನ್ನು ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು; ವೈದ್ಯರ ಬಳಿ ಚರ್ಚಿಸಿ ನಿಧಾನವಾಗಿ ಇಳಿಸಬೇಕು. ರಾತ್ರಿ ನಿದ್ರೆಯೇ ಇಲ್ಲದವರಿಗೆ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್, ಕೆಲವರಿಗೆ ಡುಲೊಕ್ಸೆಟಿನ್ ಸಹಾಯಕ್ಕೆ ಬರುತ್ತವೆ. ಮೆಡಿಕಲ್ ಶಾಪಿನವರು ಇವನ್ನು ನೋಡಿ ಮಾನಸಿಕ ರೋಗದ ಮಾತ್ರೆ ಎಂದು ಹೇಳಿ ಹೆದರಿಸುವುದುಂಟು. ನೋವಿನ ಮಾರ್ಗಗಳ ಮೇಲೂ ಅವುಗಳ ಕೆಲಸವಿದೆ.

ಇಂಜೆಕ್ಷನ್ ಬಗ್ಗೆ ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಸಿ-ಆರ್ಮ್ ಎಕ್ಸ್‌ರೇ ನೋಡುತ್ತಾ ನರದ ಬೇರಿನ ಬಳಿ ಸ್ಟೀರಾಯ್ಡ್ ಹಾಕುವುದು ನಾನೂ ಮಾಡುವ ಕೆಲಸ. ಹೊಸದಾಗಿ ಶುರುವಾದ, ಪರೀಕ್ಷೆಯೂ ಚಿತ್ರವೂ ಹೊಂದುವ ಕಾಲುನೋವಿನಲ್ಲಿ ಅದು ಕೆಲವರಿಗೆ ಕೆಲವು ವಾರಗಳ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಹಿಡಿದರೆ ಇಂಜೆಕ್ಷನ್ ಸಾರ್ಥಕ. ಬಿಡುವು ಸಿಕ್ಕಿತೆಂದು ಮನೆಗೆ ಹೋಗಿ ಮೊದಲಿನಂತೆಯೇ ಇದ್ದರೆ ಮೂರು ತಿಂಗಳಿಗೆ ಮತ್ತೆ ಅದೇ ಬಾಗಿಲು. ವರ್ಷಗಟ್ಟಲೆ ಹಳೆಯ ಬೆನ್ನುನೋವಿಗೆ ಇಂಥ ಇಂಜೆಕ್ಷನ್‌ಗಳನ್ನೂ ನರ ಸುಡುವ ಪ್ರಕ್ರಿಯೆಗಳನ್ನೂ ವಾಡಿಕೆಯಾಗಿ ಕೊಡಬಾರದು ಎಂದು 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಬಲವಾಗಿ ಹೇಳಿದೆ. ಪ್ರಕ್ರಿಯೆ ಮಾಡುವ ತಜ್ಞರಲ್ಲಿ ಅನೇಕರು ಅದನ್ನು ಒಪ್ಪಿಲ್ಲ. ನನ್ನ ನಿಲುವು ಆ ಮಾರ್ಗಸೂಚಿಗೆ ಹತ್ತಿರವಾದದ್ದು. ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಸ್ಟೀರಾಯ್ಡ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ ಎಂಬುದನ್ನೂ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲೇ ಹೇಳಬೇಕು ಎಂಬುದನ್ನೂ ನೆನಪಿಡಿ. ಮೊದಲ ಭೇಟಿಯಲ್ಲೇ, ಕಾಲನ್ನು ಮುಟ್ಟಿ ನೋಡುವ ಮೊದಲೇ, ಮೂರು ಇಂಜೆಕ್ಷನ್‌ಗಳ ಪ್ಯಾಕೇಜ್ ದರ ಹೇಳುವವರಿದ್ದರೆ ಅವರು ಯಾವ ಪದವಿ ಪಡೆದಿದ್ದರೂ ಎದ್ದು ಬನ್ನಿ.

ಆಪರೇಷನ್ನಿಗೆ ಇವರು ಬದಲಿಯಲ್ಲ. ಕಾಲಿನ ಬಲ ಇಳಿಯುತ್ತಾ ಹೋದರೆ ಅಥವಾ ಸರಿಯಾದ ಚಿಕಿತ್ಸೆಯಾದ ಮೇಲೂ ಕಾಲುನೋವು ತಡೆಯಲಾಗದಂತೆ ಉಳಿದರೆ ಪಿ.ಎಂ.ಆರ್. ವೈದ್ಯರೇ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಬೇಕು. ಒಂದೂವರೆಯಿಂದ ಮೂರು ತಿಂಗಳು ಕಾಲುನೋವಿದ್ದ 283 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿ ಇನ್ನೊಂದನ್ನು ಕಾಯಿಸಿದ ನೆದರ್‌ಲೆಂಡ್ಸ್‌ನ ಅಧ್ಯಯನ 2007ರಲ್ಲಿ ಬಂತು. ಬೇಗ ಮಾಡಿಸಿಕೊಂಡವರಿಗೆ ಬೇಗ ಆರಾಮವಾಯಿತು; ವರ್ಷದ ಕೊನೆಗೆ ಎರಡೂ ಗುಂಪು ಸಮಸಮವಾಗಿದ್ದವು. ನಿಮ್ಮ ತಾಯಿಯವರ ಕಾಲುನೋವು ಅದಕ್ಕಿಂತ ಹಳೆಯದು, ಆದ್ದರಿಂದ ಆ ಫಲಿತಾಂಶವನ್ನು ಹಾಗೆಯೇ ಅವರಿಗೆ ಅನ್ವಯಿಸಲಾಗದು. ಹೆಬ್ಬೆರಳಿನ ಬಲ ನೋಡದೆ ಬೇಕು ಎನ್ನುವುದೂ ಬೇಡ ಎನ್ನುವುದೂ ಆತುರದ ಮಾತು. ಮಾಡಿಸಿದರೂ ಆಮೇಲಿನ ಬಲವರ್ಧನೆಗೆ ಮತ್ತೆ ಪಿ.ಎಂ.ಆರ್. ವಿಭಾಗವೇ ಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ವೈದ್ಯರ ಸಂಖ್ಯೆ ಕಡಿಮೆ, ಇರುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪಿ.ಎಂ.ಆರ್. ವಿಭಾಗವಿದೆ, ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆ ಪುನಶ್ಚೇತನ ವಿಭಾಗವಿದೆ. ಹತ್ತಿರದ ಶಿವಮೊಗ್ಗದಲ್ಲೇ ಒಬ್ಬರು ಇದ್ದರೆ ಸೊಂಟನೋವಿಗಾಗಿ ಬೆಂಗಳೂರಿಗೆ ಅಲೆಯುವ ಅಗತ್ಯವಿಲ್ಲ. ಈ ಚಿಕಿತ್ಸೆಗೆ ತಿಂಗಳಿಗೊಮ್ಮೆ ಹೋಗಿಬರಲು ಸಾಧ್ಯವಾಗುವ ದೂರವೇ ಮುಖ್ಯ.

ಹೋಗುವಾಗ ಎಂ.ಆರ್.ಐ. ವರದಿಯೊಂದೇ ಸಾಲದು, ಫಿಲ್ಮುಗಳನ್ನು, ಹಳೆಯ ಚೀಟಿಗಳನ್ನು, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು, ಪುಡಿ ಅಥವಾ ಕಷಾಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೊದಲ ಹತ್ತು ನಿಮಿಷ ನಿಮ್ಮ ತಾಯಿಯವರೇ ಮಾತಾಡಲಿ. ಮಗ ಉತ್ತರ ಹೇಳತೊಡಗಿದರೆ ತಾಯಿ ಸುಮ್ಮನಾಗಿಬಿಡುವುದನ್ನು ನಾವು ದಿನವೂ ನೋಡುತ್ತೇವೆ. ಇಂಜೆಕ್ಷನ್ ಬೇಕು ಎಂದರೆ ಅದಾದ ಮೇಲಿನ ಆರು ವಾರಗಳ ಯೋಜನೆ ಏನು, ಯಾವ ಫಿಸಿಯೋಥೆರಪಿಸ್ಟರು ನೋಡಿಕೊಳ್ಳುತ್ತಾರೆ, ಸಾಗರದಲ್ಲೇ ಮುಂದುವರಿಸಬಹುದೇ ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮುಂದಿನ ಭೇಟಿಗೆ ಹೋಗುವಾಗ ಅವರು ದಿನಕ್ಕೆ ಎಷ್ಟು ನಿಮಿಷ ನಡೆದರು, ಎಷ್ಟು ಹೊತ್ತು ಒಲೆ ಮುಂದೆ ನಿಂತರು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡು ಹೋಗಿ. ಔಷಧ ಬದಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ಅದನ್ನು ನೋಡಿಯೇ ನಿರ್ಧರಿಸಲಿ.